ಸಸ್ಯಾಹಾರಿ ಮೆಕ್ಸಿಕನ್ ಅಡುಗೆಗೆ ಮಾಂಸದ ಬದಲು ಏನು ಹಾಕಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆ. ಹೋಟೆಲಿನಲ್ಲಿ ಮೆಕ್ಸಿಕನ್ ಅಂತ ಕೊಡುವುದು ರಾಜ್ಮಾ, ಚೀಸ್, ಬಾಟಲಿ ಸಾಸ್ ಇಷ್ಟೇ, ಬೆಂಗಳೂರಿನ ಮನೆಯಲ್ಲಿ ತಾಜಾ ತರಕಾರಿಯಿಂದ ಮಾಡುವುದು ಹೇಗೆ ಅನ್ನುವುದು ಒಂದು. ಅದು ಮೂಲದಲ್ಲಿ ಮಾಂಸದ ಅಡುಗೆಯಾದ್ದರಿಂದ ಆ ಜಾಗಕ್ಕೆ ಪನೀರ್ ಹಾಕಲೋ ಸೋಯಾ ಹಾಕಲೋ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಎರಡೂ ಬೇಡ.

ನಾನು ಧಾರವಾಡದ ಕಡೆಯವಳು. ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಕೆಲವು ವರ್ಷಗಳಿಂದ ಮೆಕ್ಸಿಕೋದ ಗ್ವಾದಲಹಾರಾದಲ್ಲಿದ್ದೇನೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಆದರೂ ವಾರದ ಅರ್ಧದಷ್ಟು ದಿನ ಇಲ್ಲಿನ ಅಡುಗೆಯನ್ನೇ ಉಣ್ಣುತ್ತೇವೆ. ಮಾಂಸ ಕಿತ್ತು ಖಾಲಿಯಾದ ಜಾಗ ತುಂಬುವ ಕೆಲಸ ಅಂತ ನನಗೆ ಒಮ್ಮೆಯೂ ಅನಿಸಿಲ್ಲ.

ಯಾಕೆಂದರೆ ಈ ಅಡುಗೆಯ ಬುಡ ಇರುವುದು ಮಿಲ್ಪಾದಲ್ಲಿ. ಮಿಲ್ಪಾ ಅಂದರೆ ಮೆಕ್ಕೆಜೋಳ (ನಮ್ಮ ಕಡೆಯ ಗೋವಿನಜೋಳ, ಮುಂದೆ ಬರೀ ಜೋಳ ಅಂದರೂ ಇದೇ), ಬೀನ್ಸ್, ಕುಂಬಳ ಮೂರನ್ನೂ ಒಟ್ಟಿಗೆ ಬಿತ್ತುವ ಹೊಲ. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತದೆ, ಬೀನ್ಸಿನ ಬೇರು ನೆಲಕ್ಕೆ ಸಾರಜನಕ ಸೇರಿಸುತ್ತದೆ, ಕುಂಬಳದ ಎಲೆ ಮಣ್ಣು ಮುಚ್ಚಿ ತೇವ ಹಿಡಿದಿಡುತ್ತದೆ. ನಡುವಿನ ಸಂದಿಯಲ್ಲಿ ಮೆಣಸಿನಗಿಡ, ಟೊಮ್ಯಾಟೊ, ಯಾರೂ ಬಿತ್ತದೆ ಏಳುವ ಸೊಪ್ಪು. ದನ, ಹಂದಿ, ಕೋಳಿ, ಚೀಸ್, ಹಂದಿಕೊಬ್ಬು ಎಲ್ಲ ಬಂದದ್ದು ಹದಿನಾರನೆಯ ಶತಮಾನದಲ್ಲಿ, ಸ್ಪೇನಿನವರ ಹಿಂದೆ. ಅದಕ್ಕೂ ಮುಂಚೆ ಇಲ್ಲಿನವರು ಸಸ್ಯಾಹಾರಿಗಳಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಟರ್ಕಿ ಕೋಳಿ, ಮೀನು, ಜಿಂಕೆ, ಮಿಡತೆ ಎಲ್ಲ ತಿನ್ನುತ್ತಿದ್ದರು. ಆದರೆ ದಿನದ ಹೊಟ್ಟೆ ತುಂಬುತ್ತಿದ್ದದ್ದು ಜೋಳ, ಕಾಳು, ಮೆಣಸಿನಕಾಯಿಯಿಂದ. 2010ರಲ್ಲಿ ಯುನೆಸ್ಕೊ ಈ ಅಡುಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮಿಲ್ಪಾವನ್ನೂ ಜೋಳಕ್ಕೆ ಸುಣ್ಣ ಹಾಕುವ ಪದ್ಧತಿಯನ್ನೂ ಹೆಸರಿಸಿಯೇ ಸೇರಿಸಿತು.

ಆ ಸುಣ್ಣದಿಂದಲೇ ಶುರು ಮಾಡೋಣ. ಒಣ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ಬಿಟ್ಟು, ತೊಳೆದು ಅರೆದ ಹಿಟ್ಟೇ ಮಾಸಾ. ಹಾಗೆ ಬೇಯಿಸಿದ ಕಾಳಿಗೆ ನಿಶ್ತಮಾಲ್ ಅನ್ನುತ್ತಾರೆ. ಸುಣ್ಣ ಸಿಪ್ಪೆ ಬಿಡಿಸುತ್ತದೆ, ಹಿಟ್ಟಿಗೆ ಅಂಟು ಕೊಡುತ್ತದೆ, ಕಾಳಿನೊಳಗೆ ಸಿಕ್ಕಿಕೊಂಡಿರುವ ನಯಾಸಿನ್ ಜೀವಸತ್ವ ನಮ್ಮ ಮೈಗೆ ಸಿಗುವಂತೆ ಮಾಡುತ್ತದೆ. ಯುರೋಪಿನವರು ಜೋಳವನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಒಯ್ಯಲಿಲ್ಲ. ಜೋಳವನ್ನೇ ನೆಚ್ಚಿದ್ದ ಸ್ಪೇನ್, ಇಟಲಿಯ ಬಡವರು ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರ ರೋಗಕ್ಕೆ ತುತ್ತಾದರು. ಅಂಟೂ ಸುಣ್ಣದಿಂದಲೇ ಬರುವುದು, ಹಾಗಾಗಿ ಅಂಗಡಿಯ ಗೋವಿನಜೋಳದ ಹಿಟ್ಟು ತಂದು ಟೊರ್ಟಿಯಾ, ಅಂದರೆ ಇಲ್ಲಿನ ತೆಳು ರೊಟ್ಟಿ, ತಟ್ಟಿದರೆ ಅದು ಅಂಚೆಲ್ಲ ಬಿರಿದು ಮಡಚಿದ ಕೂಡಲೇ ಮುರಿಯುತ್ತದೆ. ತಪ್ಪು ಕೈಯದ್ದಲ್ಲ, ಹಿಟ್ಟಿಗೆ ಸುಣ್ಣ ಕಂಡಿಲ್ಲ ಅಷ್ಟೆ. ಬಿಳಿ ಕಾರ್ನ್‌ಫ್ಲೋರ್ ಅಂತೂ ಬರೀ ಪಿಷ್ಟ, ಅದರ ಸುದ್ದಿಯೇ ಬೇಡ.

ಸುಲಭದ ದಾರಿ ಮಾಸಾ ಹರೀನಾ, ಅಂದರೆ ನಿಶ್ತಮಾಲ್ ಮಾಡಿ ಒಣಗಿಸಿದ ಹಿಟ್ಟು. ಮಸೇಕಾ ಬ್ರ್ಯಾಂಡಿನದ್ದು ಆನ್‌ಲೈನ್‌ನಲ್ಲಿ ಹುಡುಕಿ. ಎರಡು ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ಬಿಸಿನೀರು, ಚಿಟಿಕೆ ಉಪ್ಪು. ನಾದಿ, ಒದ್ದೆ ಬಟ್ಟೆ ಮುಚ್ಚಿ ಕಾಲು ಗಂಟೆ ಬಿಡಿ. ಉಂಡೆಯನ್ನು ಅಂಗೈಯಲ್ಲಿ ಒತ್ತಿದಾಗ ಅಂಚು ಬಿರಿದರೆ ನೀರು ಸಾಲದು, ಕೈಗೆ ಮೆತ್ತಿದರೆ ಹೆಚ್ಚಾಯಿತು. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಭಾರದ ತಟ್ಟೆಯಿಂದ ಒತ್ತಿದರೂ ಆಗುತ್ತದೆ, ಒತ್ತುವ ಯಂತ್ರ ಬೇಕೇ ಬೇಕೆಂದಿಲ್ಲ. ಚೆನ್ನಾಗಿ ಕಾದ ಹಂಚಿನ ಮೇಲೆ ಮೊದಲ ಮಗ್ಗುಲು ಅರ್ಧ ನಿಮಿಷ, ತಿರುವಿ ಒಂದು ನಿಮಿಷ, ಮತ್ತೆ ತಿರುವಿದಾಗ ಉಬ್ಬಬೇಕು. ಬೆಂದದ್ದನ್ನು ಬಟ್ಟೆಯಲ್ಲಿ ಸುತ್ತಿಡಿ. ಆ ಹಬೆಯಲ್ಲೇ ಮೆತ್ತಗಾಗುತ್ತದೆ.

ಮೊದಲಿನಿಂದ ಮಾಡುವ ಹುಮ್ಮಸ್ಸಿದ್ದರೆ ಒಂದು ಕಿಲೋ ಒಣ ಗೋವಿನಜೋಳಕ್ಕೆ (ಸ್ವೀಟ್ ಕಾರ್ನ್ ನಡೆಯುವುದಿಲ್ಲ) ಮೂರು ಲೀಟರ್ ನೀರು, 10 ಗ್ರಾಂ ತಿನ್ನುವ ಸುಣ್ಣದ ಪುಡಿ. ಎಲೆ ಅಡಿಕೆಗೆ ಹಾಕುವ ಬಿಳಿ ಸುಣ್ಣ, ಬಣ್ಣ ಪರಿಮಳ ಇಲ್ಲದ್ದು, ಒಂದು ದೊಡ್ಡ ಚಮಚ ಹಾಕಿದರೆ ಸಾಕು. ಪಾತ್ರೆ ಸ್ಟೀಲಿನದೇ ಇರಲಿ, ಅಲ್ಯೂಮಿನಿಯಂ ಸುಣ್ಣಕ್ಕೆ ತಡೆಯುವುದಿಲ್ಲ. ಉಗುರಿನಿಂದ ಕೆರೆದರೆ ಸಿಪ್ಪೆ ಜಾರುವವರೆಗೆ, ಅಂದರೆ ಮುಕ್ಕಾಲು ಗಂಟೆಯ ಆಸುಪಾಸು ಬೇಯಿಸಿ, ಬೆಳಗಿನವರೆಗೆ ಬಿಟ್ಟು, ಉಜ್ಜಿ ತೊಳೆದು, ಆದಷ್ಟು ಕಡಿಮೆ ನೀರಿನಲ್ಲಿ ವೆಟ್ ಗ್ರೈಂಡರಿನಲ್ಲಿ ಅರೆಯಿರಿ. ತಮಾಷೆಯೆಂದರೆ ಅಮೆರಿಕದಲ್ಲಿ ಮನೆಯಲ್ಲೇ ಮಾಸಾ ಅರೆಯುವ ಹುಚ್ಚಿರುವ ಕೆಲವರು ಇದಕ್ಕಾಗಿಯೇ ನಮ್ಮ ಇಡ್ಲಿ ಗ್ರೈಂಡರ್ ತರಿಸಿಕೊಳ್ಳುತ್ತಾರೆ.

ಬೀನ್ಸ್ ಕಾಳಿನ ವಿಷಯ ಬೇಗ ಮುಗಿಯುತ್ತದೆ. ಗ್ವಾದಲಹಾರಾ ಇರುವ ಹಾಲಿಸ್ಕೋ ಪ್ರಾಂತದ ಮನೆಗಳಲ್ಲಿ ಹಳದಿಬಣ್ಣದ ಪೆರುವಾನೊ ಕಾಳು ಹೆಚ್ಚು, ವಹಾಕಾ, ವೆರಾಕ್ರೂಸ್ ಕಡೆ ಕರಿ ಕಾಳು. ನಿಮಗೆ ಚಿತ್ರಾ ರಾಜ್ಮಾ ಸಾಕು. ಈರುಳ್ಳಿ ಚೂರು, ಎರಡು ಎಸಳು ಬೆಳ್ಳುಳ್ಳಿ ಜೊತೆ ಕುಕ್ಕರಿನಲ್ಲಿ ಪೂರ್ತಿ ಬೇಯಿಸಿ, ಕೊನೆಗೆ ಉಪ್ಪು. ಅರಿಸಿನ, ಗರಂ ಮಸಾಲೆ ಏನೂ ಬೇಡ. ಮೊದಲ ದಿನ ಆ ಕಟ್ಟಿನ ಜೊತೆಗೇ ಬಟ್ಟಲಲ್ಲಿ ಹಾಕಿಕೊಂಡು ಕುಡಿಯುವಂತೆ ತಿನ್ನಿ. ಮರುದಿನ ಎಣ್ಣೆಯಲ್ಲಿ ಈರುಳ್ಳಿ ಕೆಂಪಗೆ ಹುರಿದು, ಕಾಳು ಸುರಿದು ಹಿಸುಕುತ್ತಾ ಗಟ್ಟಿ ಮಾಡಿ.

ಸಾಲ್ಸಾ, ಅಂದರೆ ಇಲ್ಲಿನ ಚಟ್ನಿ, ಬೇರೆ ಮಾತು. ನನ್ನ ಪ್ರಕಾರ ನಮ್ಮವರು ಎಡವುವುದು ಇಲ್ಲೇ, ಕೈ ತಾನಾಗಿಯೇ ಒಗ್ಗರಣೆಯ ಕಡೆ ಹೋಗುತ್ತದೆ. ಇಲ್ಲಿ ಕ್ರಮ ತಿರುವುಮುರುವು. ಟೊಮ್ಯಾಟೊ, ಈರುಳ್ಳಿ, ಸಿಪ್ಪೆ ಸಮೇತ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಎಲ್ಲವನ್ನೂ ಒಣ ಹಂಚಿನ ಮೇಲೆ ಇಟ್ಟು, ಒಂದು ತೊಟ್ಟು ಎಣ್ಣೆಯಿಲ್ಲದೆ, ಮೈಮೇಲೆ ಕರಿ ಕಲೆ ಬೀಳುವವರೆಗೆ ಸುಡಬೇಕು. ಹೊಗೆ ಬಂದರೆ ಬರಲಿ, ಕಿಟಕಿ ತೆಗೆದಿಡಿ. ಆಮೇಲೆ ಉಪ್ಪು ಹಾಕಿ ತರಿತರಿಯಾಗಿ ಅರೆಯುವುದು. ಇಲ್ಲಿ ಕಲ್ಲಿನ ಮೋಲ್ಕಹೇತೆ ಇದೆ, ನಿಮ್ಮಲ್ಲಿ ಕುಟ್ಟಾಣಿ ಇದ್ದೇ ಇರುತ್ತದೆ. ಮಿಕ್ಸಿಯಾದರೆ ಎರಡು ಸಲ ತಟಕ್ಕನೆ ತಿರುಗಿಸಿ ನಿಲ್ಲಿಸಿ, ನುಣ್ಣಗಾದರೆ ಸಪ್ಪೆ. ತಿನ್ನುವ ಸಾಲ್ಸಾ ಅಲ್ಲಿಗೆ ಮುಗಿಯಿತು. ಅದನ್ನೇ ಪಲ್ಯಕ್ಕೋ ಸಾರಿಗೋ ಬಳಸುವುದಾದರೆ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ, ಅರೆದದ್ದನ್ನು ಚುರ್ ಅಂತ ಅದಕ್ಕೆ ಸುರಿದು, ಬಣ್ಣ ಗಾಢವಾಗುವ ತನಕ ಕುದಿಸಬೇಕು. ಎಣ್ಣೆ ಬರುವುದು ಅರೆದಾದ ಮೇಲೆ, ಸಾಸಿವೆ ಜೀರಿಗೆಯ ಒಗ್ಗರಣೆ ಇಲ್ಲ. ಮೆಕ್ಸಿಕನ್ ಅಂದರೆ ಜೀರಿಗೆ ಘಮ ಅನ್ನುವುದು ಗಡಿಯಾಚೆ ಟೆಕ್ಸಾಸಿನ ಅಭ್ಯಾಸ. ಇಲ್ಲಿ ಅದನ್ನು ಚಿಟಿಕೆಯಲ್ಲಿ, ಕೆಲವು ಅಡುಗೆಗೆ ಮಾತ್ರ ಹಾಕುತ್ತಾರೆ.

ಹಸಿರು ಸಾಲ್ಸಾಗೆ ಬೇಕಾದ ತೊಮಾತಿಯೊ, ಅಂದರೆ ಕಾಗದದಂಥ ಪೊರೆಯೊಳಗಿನ ಹುಳಿ ಹಸಿರು ಕಾಯಿ, ನಿಮಗೆ ಸಿಗುವುದು ಕಷ್ಟ. ಗಟ್ಟಿ ಹಸಿ ಟೊಮ್ಯಾಟೊ ಸುಟ್ಟು ನಿಂಬೆಹುಳಿ ಹಿಂಡಿದರೆ ಹತ್ತಿರ ಬರುತ್ತದೆ, ಅದೇ ಆಗುವುದಿಲ್ಲ. ಒಣಮೆಣಸಿನಕಾಯಿಯಲ್ಲಿ ಮಾತ್ರ ನೀವು ಅದೃಷ್ಟವಂತರು. ಗ್ವಾಹಿಯೊ ಮೆಣಸಿನಕಾಯಿ ಕೊಡುವ ಕೆಂಪು ಮತ್ತು ಸೌಮ್ಯ ಖಾರಕ್ಕೆ ಬ್ಯಾಡಗಿ ಬಹಳ ಹತ್ತಿರ. ಬೀಜ ತೆಗೆದು, ಹಂಚಿನ ಮೇಲೆ ಮಗ್ಗುಲಿಗೆ ಕೆಲವೇ ಸೆಕೆಂಡು ಬಿಸಿ ಮಾಡಿ (ಕಪ್ಪಾದರೆ ಕಹಿ), ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಸುಟ್ಟ ಟೊಮ್ಯಾಟೊ ಬೆಳ್ಳುಳ್ಳಿ ಜೊತೆ ಅರೆದು ಸೋಸಿ. ಹೊಗೆಯ ವಾಸನೆಯ ಚಿಪೋತ್ಲೆಗೆ ಮಾತ್ರ ಬದಲಿಲ್ಲ. ಅದು ಹಣ್ಣಾದ ಹಾಲಪೇನ್ಯೊ ಮೆಣಸಿನಕಾಯಿಯನ್ನು ಹೊಗೆಯಲ್ಲಿ ಒಣಗಿಸಿದ್ದು, ಡಬ್ಬಿ ಸಿಕ್ಕರೆ ಒಂದು ತಂದಿಡಿ.

ಈಗ ತರಕಾರಿ. ಮನೆಮನೆಯ ಅಡುಗೆ ಅಂದರೆ ಕಾಲಬಾಸೀತಾಸ್, ಜುಕೀನಿಯ ಪಲ್ಯ. ಅರ್ಧ ಕಿಲೋ ಎಳೆ ಜುಕೀನಿ, ಎರಡು ಜೋಳದ ತೆನೆಯ ಹಸಿ ಕಾಳು, ಎರಡು ಟೊಮ್ಯಾಟೊ, ಒಂದು ಈರುಳ್ಳಿ, ಉರಿಯಲ್ಲಿ ಸುಟ್ಟು ಸಿಪ್ಪೆ ಸುಲಿದ ಒಂದು ಪೊಬ್ಲಾನೊ, ಅಂದರೆ ಖಾರ ಕಡಿಮೆಯ ದೊಡ್ಡ ಹಸಿರು ಮೆಣಸಿನಕಾಯಿ. ಪೊಬ್ಲಾನೊಗೆ ಬದಲು ದೊಣ್ಣೆಮೆಣಸಿನಕಾಯಿ ಮತ್ತು ಒಂದು ಬಜ್ಜಿ ಮೆಣಸಿನಕಾಯಿ ಎರಡನ್ನೂ ಸುಟ್ಟು ಹಾಕಿ. ಈರುಳ್ಳಿ ಬಾಡಿಸಿ, ಉಳಿದದ್ದೆಲ್ಲ ಹಾಕಿ, ನೀರು ಹಾಕದೆ ಮುಚ್ಚಿ, ಅದರ ರಸದಲ್ಲೇ ಕಾಲು ಗಂಟೆ. ಮೇಲೆ ಉಪ್ಪು ಬೆರೆಸಿ ಪುಡಿ ಮಾಡಿದ ಪನೀರ್. ಇಲ್ಲಿನ ಕೇಸೊ ಫ್ರೆಸ್ಕೊ ಕರಗುವ ಚೀಸಲ್ಲವಾದ್ದರಿಂದ ಪನೀರ್ ಈ ಜಾಗಕ್ಕೆ ಸರಿಯಾಗಿಯೇ ಕೂರುತ್ತದೆ. ಮೊದಲು ಬೇಡವೆಂದೆನಲ್ಲ, ಅದು ಮಾಂಸದ ಜಾಗಕ್ಕೆ. ಚಿಟಿಕೆಯಷ್ಟು ಮೇಲೆ ಉದುರಿಸಲು ತಕರಾರಿಲ್ಲ.

ಜುಕೀನಿ ದುಬಾರಿ ಅನಿಸಿದರೆ ಸೀಮೆಬದನೆ ಹಾಕಿ, ಸ್ವಲ್ಪ ಹೆಚ್ಚು ಹೊತ್ತು ಬೇಯಿಸಿ. ಬೆಂಗಳೂರಿನ ಸಾಂಬಾರಿನಲ್ಲಿ ತೇಲುವ ಆ ಸೀಮೆಬದನೆ ಈ ನೆಲದ್ದೇ, ಇಲ್ಲಿ ಅದು ಚಯೋತೆ. ಸೊಪ್ಪಿನಲ್ಲೂ ಹೀಗೇ. ಮಳೆಗಾಲದಲ್ಲಿ ನಮ್ಮ ಬೀದಿಯ ವಾರದ ಸಂತೆಗೆ ವೆರ್ದೊಲಾಗಾಸ್ ರಾಶಿ ಬರುತ್ತದೆ. ಹತ್ತಿರ ಹೋಗಿ ನೋಡಿದರೆ ನಮ್ಮ ಗೋಣಿಸೊಪ್ಪು! ಅದನ್ನು ಇಲ್ಲಿ ಹಸಿರು ಸಾಲ್ಸಾದಲ್ಲಿ ಹಂದಿಮಾಂಸದ ಜೊತೆ ಬೇಯಿಸುತ್ತಾರೆ. ನಾನು ಎಳೆ ಆಲೂಗಡ್ಡೆ ಹಾಕುತ್ತೇನೆ. (ಹೌದು, ಇದೊಂದು ಕಡೆ ನಾನೂ ಬದಲಿ ಹಾಕಿದ್ದೇನೆ.) ದಂಟಿನ ಸೊಪ್ಪಿನ ಬಳಗದ ಕಿಂತೊನೀಲ್ ಕೂಡ ಬರುತ್ತದೆ, ಈರುಳ್ಳಿ ಬೆಳ್ಳುಳ್ಳಿಯಲ್ಲಿ ಬಾಡಿಸಿ ಟೊರ್ಟಿಯಾದೊಳಗೆ ಇಟ್ಟರೆ ಊಟ ಆಯಿತು. ನಿಮ್ಮ ಕೆಂಪು ದಂಟು ಧಾರಾಳವಾಗಿ ನಡೆಯುತ್ತದೆ. ಕುಂಬಳ ಹೂ ಸಿಕ್ಕರೆ ಒಳಗಿನ ಕೇಸರ ಕಿತ್ತು ಹಾಗೆಯೇ ಬಾಡಿಸಿ, ಕರಗುವ ಚೀಸಿನ ಜೊತೆ ಟೊರ್ಟಿಯಾದಲ್ಲಿ ಮಡಚಿ ಹಂಚಿನ ಮೇಲೆ ಸುಡಿ. ಪಾಪಾಸುಕಳ್ಳಿಯ ಎಳೆ ಪಟ್ಟೆ, ಇಲ್ಲಿನ ನೊಪಾಲ್, ಮುಳ್ಳು ಹೆರೆದು ಹೆಚ್ಚಿ ಹಂಚಿನ ಮೇಲೆ ಲೋಳೆ ಆರುವ ತನಕ ಹುರಿದರೆ ಬಹಳ ರುಚಿ, ಆದರೆ ಬೇಲಿಯಿಂದ ಕಿತ್ತು ತರಲು ಹೋಗಬೇಡಿ. ಇಲ್ಲಿ ತಿನ್ನಲೆಂದೇ ಮುಳ್ಳು ಕಡಿಮೆಯಿರುವ ತಳಿ ಬೆಳೆಸುತ್ತಾರೆ.

ಮಾಂಸಪ್ರಿಯರ ಮುಂದೆ ಧೈರ್ಯವಾಗಿ ಇಡಬಹುದಾದದ್ದು ಹಮೈಕಾ ಟ್ಯಾಕೊ. ಟ್ಯಾಕೊ ಅಂದರೆ ಪಲ್ಯ ಇಟ್ಟು ಮಡಚಿದ ಟೊರ್ಟಿಯಾ, ಹಮೈಕಾ ಅಂದರೆ ಕೆಂಪು ಪುಂಡಿ ಹೂವಿನ ಬುಡದ ಕೆಂಪು ಪೊರೆ, ಒಣಗಿಸಿದ್ದು. ನಮ್ಮ ಕಡೆ ಎಲೆಯನ್ನು ಪಲ್ಯ ಮಾಡುತ್ತೇವೆ, ಇವರು ಈ ಪೊರೆಯಿಂದ ಪಾನಕ ಮಾಡುತ್ತಾರೆ. ರೋಸೆಲ್ ಚಹಾ ಅಂತ ಆನ್‌ಲೈನ್‌ನಲ್ಲಿ ಮಾರುವುದು ಇದನ್ನೇ. ಎರಡು ಲೋಟ ಒಣ ಪೊರೆಯನ್ನು ಎರಡು ಲೀಟರ್ ನೀರಲ್ಲಿ ಹತ್ತು ನಿಮಿಷ ಕುದಿಸಿ ಸೋಸಿ. ನೀರಿಗೆ ಬೆಲ್ಲ ಹಾಕಿ ತಣ್ಣಗೆ ಕುಡಿಯಿರಿ. ಸೋಸಿ ಉಳಿದ ಪೊರೆಯನ್ನು ಎಸೆಯದೆ ಹಿಂಡಿ, ಹೆಚ್ಚಿ, ಈರುಳ್ಳಿ, ಬೆಳ್ಳುಳ್ಳಿ, ತುರಿದ ಕ್ಯಾರೆಟ್, ಒಂದು ಚಿಪೋತ್ಲೆ ಹಾಕಿ ಅಂಚು ಗರಿಯಾಗುವಂತೆ ಹುರಿಯಿರಿ. ಹುಳಿ, ಖಾರ, ಜಗಿಯುವ ಹದ, ಎಲ್ಲ ಇದೆ. ಮೇಲೆ ಬೆಣ್ಣೆಹಣ್ಣಿನ ಎರಡು ಹೋಳು.

ಮುಂದೊಮ್ಮೆ ಈ ಕಡೆ ಬಂದರೆ ಒಂದು ಎಚ್ಚರಿಕೆ. ಹೋಟೆಲಿನ ಹಿಸುಕಿದ ಕಾಳಿನಲ್ಲಿ, ತಮಾಲೆಯ (ಹಬೆಯಲ್ಲಿ ಬೇಯಿಸುವ ಜೋಳದ ಕಡುಬು) ಹಿಟ್ಟಿನಲ್ಲಿ ಮಂತೇಕಾ ಅಂದರೆ ಹಂದಿಕೊಬ್ಬು ಇರುವುದು ಮಾಮೂಲು. ಕೆಂಪು ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರುತ್ತಾರೆ. ಮಾಂಸ ಇಲ್ಲ ತಾನೇ ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ, ಸುಳ್ಳು ಹೇಳುವ ಉದ್ದೇಶ ಇರುವುದಿಲ್ಲ. ಮಂತೇಕಾ ಇದೆಯೇ, ಕೋಳಿ ಸಾರು ಹಾಕಿದ್ದಾರೆಯೇ ಅಂತ ಬಿಡಿಬಿಡಿಯಾಗಿ ಕೇಳಿ. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ, ಅದರಲ್ಲೂ ಶುಕ್ರವಾರ, ನಮ್ಮಂಥವರಿಗೆ ಸುಗ್ಗಿ. ನೊಪಾಲ್, ಮಸೂರ್ ಕಾಳಿನ ಸಾರು, ಬೆಲ್ಲದ ಪಾಕದಲ್ಲಿ ನೆನೆದ ಬ್ರೆಡ್ಡಿನ ಕಾಪಿರೊತಾದಾ ಎಲ್ಲ ಕಡೆ ಸಿಗುತ್ತವೆ.

ಮೊದಲ ಸಲಕ್ಕೆ ಎಲ್ಲ ಒಟ್ಟಿಗೆ ಬೇಡ. ಶನಿವಾರ ರಾತ್ರಿ ಕಾಳು ಬೇಯಿಸಿಡಿ, ಭಾನುವಾರ ಸಾಲ್ಸಾ, ಕಾಲಬಾಸೀತಾಸ್, ಬಿಸಿ ಟೊರ್ಟಿಯಾ. ನಾಲ್ಕಾರು ಟೊರ್ಟಿಯಾ ಬೇಕೆಂದೇ ಹೆಚ್ಚಿಗೆ ಮಾಡಿ, ಮುಚ್ಚದೆ ಬಿಟ್ಟು ಒಣಗಿಸಿ. ಸೋಮವಾರ ಬೆಳಿಗ್ಗೆ ಅವನ್ನು ತ್ರಿಕೋನ ಕತ್ತರಿಸಿ ಕರಿದು, ಉಳಿದ ಸಾಲ್ಸಾವನ್ನು ಎಣ್ಣೆಯಲ್ಲಿ ಕುದಿಸಿ ಅದರಲ್ಲಿ ಹೊರಳಿಸಿ, ಪನೀರ್, ಹಸಿ ಈರುಳ್ಳಿ, ಎರಡು ಚಮಚ ಗಟ್ಟಿ ಮೊಸರು ಹಾಕಿ ತಕ್ಷಣ ತಿನ್ನಿ. ಅದು ಚಿಲಕೀಲೆಸ್, ಈ ಊರಿನ ಅಚ್ಚುಮೆಚ್ಚಿನ ಬೆಳಗಿನ ತಿಂಡಿ. ಡಬ್ಬಿಗೆ ಹಾಕಿ ಆಫೀಸಿಗೆ ಒಯ್ಯುವ ಯೋಚನೆ ಮಾಡಬೇಡಿ, ಹತ್ತು ನಿಮಿಷದಲ್ಲಿ ಮುದ್ದೆಯಾಗುತ್ತದೆ.