ಕಸಿ ಕಡ್ಡಿಯ ಹಾಗೆ ಬದುಕುವ ಗಡ್ಡೆ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಮಾಂಸಾಹಾರಿ ಪ್ರಾಣಿ ಟ್ಯಾಸ್ಮೇನಿಯನ್ ಡೆವಿಲ್‌ಗಳ ಅಂಟು ಕ್ಯಾನ್ಸರ್ ಬಗ್ಗೆ ನೀವು ಕುಮಟೆಯಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸೋಕೆ ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ದೊಡ್ಡ ತಪ್ಪು ಮೊದಲು ಹೇಳಿಬಿಡುತ್ತೇನೆ. ಮೂರು ಕಡೆ ‘ಈ ಕ್ಯಾನ್ಸರ್ ಹರಡುವ ವೈರಸ್’ ಅಂತ ಬರೆದಿದ್ದೀರಿ. ಇಲ್ಲಿ ವೈರಸ್ಸೇ ಇಲ್ಲ. ಹೆಣ ತಿನ್ನುವಾಗ, ಜೋಡಿ ಕೂಡುವಾಗ ಡೆವಿಲ್‌ಗಳು ಒಂದರ ಮುಖ ಇನ್ನೊಂದು ಕಚ್ಚುತ್ತವೆ. ಗಡ್ಡೆಯ ಜೀವಕೋಶಗಳೇ ಆ ಗಾಯದಲ್ಲಿ ಹೋಗಿ ಕೂತು ಬೆಳೆಯುತ್ತವೆ. ಈ ಒಂದು ಮಾತು ತಪ್ಪಿದರೆ ಇಡೀ ಲೇಖನ ದಾರಿ ತಪ್ಪುತ್ತದೆ.

ಇದನ್ನು ವಿವರಿಸೋಕೆ ನೀವು ಝೆರಾಕ್ಸ್ ಮಷಿನ್ನಿನ ಹೋಲಿಕೆ ತಂದಿದ್ದೀರಿ. ಬೇಡ. ಶಿರಸಿ, ಸಿದ್ದಾಪುರದ ಕಡೆ ಅಪ್ಪೆಮಿಡಿಗೆ ಕಸಿ ಕಟ್ಟುವುದನ್ನು ನೋಡಿದ್ದೀರಿ ಅಲ್ವಾ? ಒಳ್ಳೆಯ ಮರದ ಗೇಣುದ್ದ ಕಡ್ಡಿ ತಂದು, ಬುಡ ಚೂಪಾಗಿ ಕೆತ್ತಿ, ಕಾಟು ಮಾವಿನ ಸಸಿಯ ಸೀಳಿಗೆ ಸೇರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತುತ್ತಾರೆ. ತಾಯಿಮರ ಬಿದ್ದುಹೋದರೂ ಅದರ ಕೊಂಬೆ ಹತ್ತು ಮನೆಯ ಹಿತ್ತಿಲಲ್ಲಿ ಮಿಡಿ ಬಿಡುತ್ತಿರುತ್ತದೆ. ಈ ಗಡ್ಡೆಯೂ ಹಾಗೇ. ಯಾವತ್ತೋ ಸತ್ತ ಒಂದು ಹೆಣ್ಣು ಡೆವಿಲ್‌ನ ನರದ ಹೊದಿಕೆಯ ಜೀವಕೋಶ ಕೆಟ್ಟಿತು. 1996ರಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಅದರ ಸಂತತಿ. ಇವತ್ತಿಗೂ ಅದೇ ಮೈಯಿಂದ ಮೈಗೆ ದಾಟುತ್ತಿದೆ.

ಇದಕ್ಕೆ ಸಾಕ್ಷಿ ಏನು ಅಂತ ನೀವು ಹೇಳಿಯೇ ಇಲ್ಲ. ನನಗೆ ಮೈ ಜುಮ್ ಅನ್ನಿಸುವುದೇ ಆ ಭಾಗ. ಡೆವಿಲ್‌ನ ಜೀವಕೋಶದಲ್ಲಿ 14 ಕ್ರೋಮೋಸೋಮು, ಅಂದರೆ ಜೀನುಗಳನ್ನು ಹೊತ್ತ ಎಳೆಗಳು, ಇರುತ್ತವೆ. ಗಡ್ಡೆಯಲ್ಲಿ 13, ಅವೂ ಮುರಿದು ಹೇಗೇಗೋ ಸೇರಿಕೊಂಡಂಥವು. ವಿಜ್ಞಾನಿಗಳಾದ ಆನ್-ಮರೀ ಪಿಯರ್ಸ್, ಕೇಟ್ ಸ್ವಿಫ್ಟ್ ಅವರು ಬೇರೆ ಬೇರೆ ಪ್ರಾಣಿಗಳ ಗಡ್ಡೆ ನೋಡಿದರೆ ಎಲ್ಲದರಲ್ಲೂ ಅದೇ ಮುರಿತ. ಒಂದು ಡೆವಿಲ್‌ಗಂತೂ ಐದನೇ ಕ್ರೋಮೋಸೋಮಿನ ಒಂದು ತುಂಡು ತಿರುವುಮುರುವಾಗಿತ್ತು. ಅದರ ಮುಖದ ಗಡ್ಡೆಯಲ್ಲಿ ಹುಡುಕಿದರೆ ಆ ಗುರುತೇ ಇಲ್ಲ! ಗಡ್ಡೆ ಅದರದೇ ಮೈಯಲ್ಲಿ ಹುಟ್ಟಿದ್ದರೆ ಆ ಗುರುತು ಇರಲೇಬೇಕಿತ್ತು. 2006ರಲ್ಲಿ ಇದು ಪ್ರಕಟವಾಯಿತು. ಇದನ್ನು ಬಿಟ್ಟು ನೀವು ಡೆವಿಲ್‌ನ ಹಲ್ಲು, ಬಾಲ, ಕೂಗಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ.

ಮಾವಿನ ಸಸಿ ಬೇರೆ ಮರದ ಕಡ್ಡಿಯನ್ನು ಒಪ್ಪಿಕೊಳ್ಳುತ್ತದೆ. ಪ್ರಾಣಿಯ ಮೈ ಹಾಗೆ ಒಪ್ಪುವುದಿಲ್ಲ. ಹಾಗಾದರೆ ಡೆವಿಲ್ ಯಾಕೆ ಒಪ್ಪಿತು? ‘ಅವೆಲ್ಲ ಹತ್ತಿರದ ಸಂಬಂಧಿಗಳು, ಹೊರಗಿನದು ಅಂತ ಗೊತ್ತಾಗುವುದಿಲ್ಲ’ ಅಂತ ನೀವು ಬರೆದಿದ್ದೀರಿ. ಮೊದಮೊದಲು ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು. ಆದರೆ ಒಂದು ಡೆವಿಲ್‌ನ ಚರ್ಮ ಇನ್ನೊಂದಕ್ಕೆ ಕಸಿ ಮಾಡಿದಾಗ ಮೈ ಅದನ್ನು ಒಪ್ಪಲಿಲ್ಲ. ಮುಖ್ಯ ಕಾರಣ 2013ರಲ್ಲಿ ತಿಳಿಯಿತು. ತಾನು ಯಾರವನು ಅಂತ ಜೀವಕೋಶ ಹೊರಗೆ ತೋರಿಸುವ ಎಂಎಚ್‌ಸಿ ಗುರುತನ್ನು ಗಡ್ಡೆ ಬಚ್ಚಿಡುತ್ತದೆ. ಆ ಜೀನುಗಳು ಕೆಟ್ಟಿಲ್ಲ, ಮುಚ್ಚಿಕೊಂಡಿವೆ ಅಷ್ಟೇ. ಲ್ಯಾಬಿನಲ್ಲಿ ಇಂಟರ್‌ಫೆರಾನ್ ಗಾಮಾ ಅನ್ನುವ ರೋಗನಿರೋಧಕ ಪ್ರೋಟೀನು ಹಾಕಿದರೆ ಗುರುತು ಮತ್ತೆ ಹೊರಗೆ ಬರುತ್ತದೆ. ಲಸಿಕೆ ಹುಡುಕುವವರಿಗೆ ಧೈರ್ಯ ಕೊಟ್ಟದ್ದು ಇದು.

ಹಾಂ, ಡೆವಿಲ್‌ಗೆ ‘ದೆವ್ವ’ ಅನ್ನಬೇಡಿ. ಓದುವವರ ಮನಸ್ಸು ಬೇರೆಲ್ಲೋ ಹೋಗುತ್ತದೆ.

‘ಇನ್ನು ಕೆಲವೇ ವರ್ಷ, ಆಮೇಲೆ ನಿರ್ನಾಮ’ ಅನ್ನುವ ಕೊನೆಯ ಪ್ಯಾರಾ ತೆಗೆಯಿರಿ. ಸಂಖ್ಯೆ ಭಾರೀ ಕುಸಿದದ್ದು ನಿಜ. 2014ರಲ್ಲಿ ಇನ್ನೊಂದು ಅಂಟು ಗಡ್ಡೆ ಸಿಕ್ಕಿತು, ಅದು ಗಂಡು ಡೆವಿಲ್‌ನಿಂದ ಹುಟ್ಟಿದ್ದು. ಆದರೆ ಮೂರು ಕಡೆಯ ಡೆವಿಲ್‌ಗಳ ಡಿಎನ್‌ಎ ನೋಡಿದ 2016ರ ಅಧ್ಯಯನ ಬೇರೆ ಮಾತು ಹೇಳುತ್ತದೆ. ನಾಲ್ಕರಿಂದ ಆರು ತಲೆಮಾರಿನೊಳಗೆ ಜೀನೋಮಿನ ಎರಡು ಭಾಗ ಬದಲಾಗಿವೆ. ರೋಗನಿರೋಧಕ್ಕೆ, ಕ್ಯಾನ್ಸರ್‌ಗೆ ಸಂಬಂಧಪಟ್ಟ ಜೀನುಗಳು ಅಲ್ಲಿವೆ. ಕೆಲವು ಪ್ರಾಣಿಗಳಲ್ಲಿ ಗಡ್ಡೆ ತಾನಾಗಿ ಕರಗಿದ್ದೂ ಇದೆ. ಅವು ಬದುಕಲು ಹೆಣಗುತ್ತಿರುವಾಗ ನಾವು ಕೂತಲ್ಲೇ ಸಾವು ಬರೆಯುವುದು ಸರಿಯಲ್ಲ.

ನಿಮ್ಮ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೀನು ಮಾರ್ಕೆಟ್ಟಿನ ಆ ಕೆಂಚು ನಾಯಿ. ಹೂಕೋಸಿನಂಥ ಗಡ್ಡೆ, ಕಾಲಿನ ಮೇಲೆ ತೊಟ್ಟಿಕ್ಕುವ ರಕ್ತ, ಬಂಗಡೆ ಮಾರುವ ಅಮ್ಮ ಅದಕ್ಕೆ ಚಿಪ್ಪಿನಲ್ಲಿ ನೀರಿಡುವುದು. ನಾಯಿಗಳ ಈ ಕ್ಯಾನ್ಸರ್ ಕೂಡ ಇದೇ ಬಗೆಯದು, ಸಾವಿರಾರು ವರ್ಷಗಳ ಹಿಂದೆ ಒಂದು ನಾಯಿಯಲ್ಲಿ ಹುಟ್ಟಿ ದೇಶ ದೇಶ ಸುತ್ತಿದ್ದು. ವ್ಯತ್ಯಾಸ ಅಂದರೆ ಇದಕ್ಕೆ ಮದ್ದಿದೆ. ವೈದ್ಯರು ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರು ಅಂತ ಬರೆದು ಅಲ್ಲೇ ನಿಲ್ಲಿಸಿದ್ದೀರಿ. ಎಷ್ಟು ವಾರ ಕೊಟ್ಟರು? ಗಡ್ಡೆ ಕರಗಿತಾ? ನಾಯಿ ಈಗ ಹೇಗಿದೆ? ಮತ್ತೊಮ್ಮೆ ಮಾರ್ಕೆಟ್ಟಿಗೆ ಹೋಗಿ, ಆ ಅಮ್ಮನನ್ನು ಕೇಳಿಕೊಂಡು ಬಂದು ಬರೆಯಿರಿ. ನಾನು ಕಾಯುತ್ತೇನೆ.