ಎತ್ತಿಕೊಂಡರೆ ನಿದ್ದೆ, ಮಲಗಿಸಿದರೆ ಅಳು

ಪ್ರಶ್ನೆ: ನನ್ನ ಮಗಳಿಗೆ ಈಗ ಏಳು ವಾರ. ಹಾಲು ಕುಡಿಯುತ್ತಲೇ ನಿದ್ದೆಗೆ ಜಾರುತ್ತಾಳೆ. ಹೆಗಲ ಮೇಲಿದ್ದರೆ ಹಾಯಾಗಿರುತ್ತಾಳೆ. ತೊಟ್ಟಿಲಿಗೆ ಹಾಕಿದ ಹತ್ತೇ ನಿಮಿಷಕ್ಕೆ ತಿಣುಕಲು ಶುರು. ಮುಖ ಕೆಂಪಗಾಗುತ್ತದೆ, ಕಾಲು ಮಡಚಿಕೊಳ್ಳುತ್ತಾಳೆ, ಹಾಲು ಕಕ್ಕಿ ಎದ್ದುಬಿಡುತ್ತಾಳೆ. ಸಂಜೆ ಆರರಿಂದ ಒಂಬತ್ತರವರೆಗೆ ಒಂದೇ ರಚ್ಚೆ. ಮನೆಯಲ್ಲಿ ಎಲ್ಲರೂ ಗ್ಯಾಸ್ ಅನ್ನುತ್ತಾರೆ. ಗ್ಯಾಸಿನ ಹನಿ ಹಾಕಿದೆವು, ಏನೂ ಆಗಲಿಲ್ಲ. ಮೊಬೈಲಿನಲ್ಲಿ ಸಿಕ್ಕ ಟೈಂಟೇಬಲ್ ನೋಡಿ ಮಲಗಿಸಲು ಹೋದರೆ ಇನ್ನಷ್ಟು ಕೆಟ್ಟಿತು. ತೂಕ ಮಾತ್ರ ಚೆನ್ನಾಗಿ ಏರುತ್ತಿದೆ ಅಂದರು ಡಾಕ್ಟರ್. ನಾನು ಒಟ್ಟಿಗೆ ಎರಡು ಗಂಟೆ ಮಲಗಿ ಎಷ್ಟು ದಿನವಾಯಿತೋ. ಅವಳಿಗೊಂದು ನಿದ್ದೆಯ ಅಭ್ಯಾಸ ಮಾಡಿಸುವುದು ಹೇಗೆ?

ಉತ್ತರ: ನಾನು ಮೊದಲು ಕೇಳಬೇಕೆಂದಿದ್ದ ವಿಷಯವನ್ನು ನೀವೇ ಬರೆದಿದ್ದೀರಿ. ತೂಕ ಏರುತ್ತಿದೆ. ಹಾಲು ಕಕ್ಕಿದರೂ ತೂಕ ಏರುವ, ಮಿಕ್ಕಂತೆ ಲವಲವಿಕೆಯಿಂದಿರುವ ಮಗುವಿನ ಬಗ್ಗೆ ಮಕ್ಕಳ ಡಾಕ್ಟರುಗಳು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಬಟ್ಟೆ ಒಗೆಯುವವರ ಕಷ್ಟ, ಮಗುವಿನದ್ದಲ್ಲ ಅಂತ ನಮ್ಮ ನಡುವೆ ಒಂದು ತಮಾಷೆಯೂ ಇದೆ. ನಿದ್ದೆಗೆಟ್ಟ ಅಮ್ಮನಿಗೆ ಅದು ತಮಾಷೆಯಾಗಿ ಕಾಣುವುದಿಲ್ಲ, ಗೊತ್ತು.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಹಾಲು ಕಕ್ಕುವುದು, ತಿಣುಕುವುದು, ಸಂಜೆಯ ರಚ್ಚೆ. ಮನೆಯವರು ಮೂರಕ್ಕೂ ಗ್ಯಾಸ್ ಅಂತ ಒಂದೇ ಹೆಸರಿಟ್ಟರು. ಒಂದೇ ಹನಿಗೆ ಮೂರೂ ಹೋಗಲಿ ಅಂತ ನೀವು ಕಾದಿರಿ. ಇವನ್ನು ಬಿಡಿಸಿ ನೋಡಿದರೆ ದಾರಿ ಸುಲಭವಾಗುತ್ತದೆ.

ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಉಂಗುರ ಇದೆ. ಹಾಲು ಒಳಗೆ ಹೋದ ಮೇಲೆ ಅದು ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಎಳೆ ಮಕ್ಕಳಲ್ಲಿ ಆಗಾಗ ಸಡಿಲವಾಗುತ್ತದೆ. ಕುಡಿಯುವುದು ಬರೀ ಹಾಲು, ದಿನದ ಜಾಸ್ತಿ ಹೊತ್ತು ಮಲಗಿಯೇ ಇರುವುದು. ಹಾಲು ಮೇಲೆ ಬರದೆ ಇನ್ನೇನು? ಹತ್ತು ಮಕ್ಕಳಲ್ಲಿ ನಾಲ್ಕಾದರೂ ಹೀಗೆ ಕಕ್ಕುತ್ತವೆ. ಸಾಮಾನ್ಯವಾಗಿ 8 ವಾರದೊಳಗೆ ಶುರುವಾಗಿ, ನಾಲ್ಕನೇ ತಿಂಗಳ ಸುಮಾರಿಗೆ ಜಾಸ್ತಿಯಾಗಿ, ಒಂದು ವರ್ಷದೊಳಗೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ತಾನಾಗಿ ನಿಲ್ಲುತ್ತದೆ. ನಿಮ್ಮ ಮಗಳದ್ದು ಮುಂದಿನ ತಿಂಗಳು ಇನ್ನೂ ಸ್ವಲ್ಪ ಜಾಸ್ತಿಯಾದರೆ ಗಾಬರಿಯಾಗಬೇಡಿ ಅಂತ ಈಗಲೇ ಹೇಳಿಡುತ್ತೇನೆ.

ತಿಣುಕುವುದರ ವಿಷಯ ಬೇರೆ. ನಾವು ದೊಡ್ಡವರು ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೆ ಗಾಢ ನಿದ್ದೆಗೆ ಇಳಿಯುತ್ತೇವೆ. ಎಳೆ ಮಗು ಹಾಗಲ್ಲ. ಅದು ಮೊದಲು ಹೋಗುವುದು ಚಡಪಡಿಕೆಯ ತೆಳು ನಿದ್ದೆಗೆ. ಅದರ ಒಂದು ನಿದ್ದೆಯ ಸುತ್ತು ಸುಮಾರು 50 ನಿಮಿಷ. ಅದರಲ್ಲಿ ಅರ್ಧದಷ್ಟು ಈ ತೆಳು ನಿದ್ದೆಯೇ. ಆ ಹೊತ್ತಿನಲ್ಲಿ ಮಗು ಕೈಕಾಲು ಆಡಿಸುತ್ತದೆ, ಮುಖ ಕಿವುಚುತ್ತದೆ, ಗುರುಗುಟ್ಟುತ್ತದೆ, ಅರೆಗಣ್ಣೂ ತೆರೆಯಬಹುದು. ಎದ್ದಿರುವುದಿಲ್ಲ. ಎದ್ದಿತು ಅಂತ ನಾವು ಎತ್ತಿಕೊಂಡು ನಿಜವಾಗಿಯೂ ಎಬ್ಬಿಸಿಬಿಡುತ್ತೇವೆ. ಇನ್ನು ಹತ್ತು ನಿಮಿಷ ತಿಣುಕಿ, ಅತ್ತು, ಕೊನೆಗೆ ಮೆತ್ತಗಿನ ಕಕ್ಕ ಮಾಡಿದರೆ ಅದು ಮಲಬದ್ಧತೆಯೂ ಅಲ್ಲ. ಮೇಲಿನಿಂದ ತಿಣುಕುವಾಗ ಕೆಳಗೆ ಸಡಿಲ ಬಿಡಬೇಕು ಅನ್ನುವ ಲೆಕ್ಕ ಆ ದೇಹಕ್ಕೆ ಇನ್ನೂ ಹತ್ತಿಲ್ಲ, ಅಷ್ಟೆ. ಕೆಲವು ವಾರಗಳಲ್ಲಿ ಕಲಿಯುತ್ತದೆ.

ಸಂಜೆಯ ರಚ್ಚೆಗೆ ಗ್ಯಾಸ್ ಕಾರಣ ಅಂತ ಹೇಳಲು ನನ್ನ ಕೈಲಿ ಆಗುವುದಿಲ್ಲ. ಅತ್ತಾಗ ಮಗು ಗಾಳಿ ನುಂಗುತ್ತದೆ, ಹೊಟ್ಟೆ ಉಬ್ಬುತ್ತದೆ, ಆಮೇಲೆ ಹೂಸು ಬಿಡುತ್ತದೆ. ಎಷ್ಟೋ ಸಲ ಗಾಳಿ ಅಳುವಿನ ಫಲ, ಕಾರಣವಲ್ಲ. ಎಲ್ಲ ಕಡೆಯ ಮಕ್ಕಳಲ್ಲೂ ಈ ಅಳು ಆರನೇ ವಾರದ ಹೊತ್ತಿಗೆ ತುದಿಗೇರಿ, ಮೂರು ನಾಲ್ಕು ತಿಂಗಳಿಗೆ ಇಳಿದುಹೋಗುತ್ತದೆ. ನೀವು ಈಗ ಆ ತುದಿಯಲ್ಲೇ ಇದ್ದೀರಿ.

ಈಗ ದಿನಚರಿಗೆ ಬರೋಣ. ಏಳು ವಾರದ ಮಗುವಿಗೆ ಗಡಿಯಾರದ ಟೈಂಟೇಬಲ್ ಕೂರುವುದಿಲ್ಲ. ಹಗಲು ಯಾವುದು, ರಾತ್ರಿ ಯಾವುದು ಅಂತ ಅದರ ಮೈಗೆ ತಿಳಿಯಲು ಶುರುವಾಗುವುದೇ ಎರಡು ಮೂರು ತಿಂಗಳ ಮೇಲೆ. ಹೊತ್ತು ಬಿಡಿ. ಯಾವುದರ ಮುಂದೆ ಯಾವುದು ಬರುತ್ತದೆ ಅನ್ನುವುದನ್ನು ಹಿಡಿಯಿರಿ.

ನಿಮ್ಮಲ್ಲಿ ಈಗ ನಡೆಯುತ್ತಿರುವ ಕ್ರಮ ಆಟ, ಹಾಲು, ನಿದ್ದೆ. ಹೊಟ್ಟೆ ತುಂಬಿದ ಕೂಡಲೇ ಮಲಗಿಸುವುದು ಕಕ್ಕುವ ಮಗುವಿಗೆ ಆಗಿಬರುವುದಿಲ್ಲ. ಹಗಲಿನಲ್ಲಿ ಇದನ್ನು ತಿರುಗಿಸಿ. ಎದ್ದ ಕೂಡಲೇ ಹಾಲು, ಆಮೇಲೆ ಎತ್ತಿಕೊಂಡು ಓಡಾಟ, ಮಾತು, ಕಿಟಕಿಯ ಬೆಳಕು, ಆಮೇಲೆ ನಿದ್ದೆ. ಆಗ ನಿದ್ದೆಯ ಹೊತ್ತಿಗೆ ಹೊಟ್ಟೆ ಅರ್ಧ ಖಾಲಿಯಾಗಿರುತ್ತದೆ. ಈ ವಯಸ್ಸಿನಲ್ಲಿ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ಎಚ್ಚರವಿದ್ದರೆ ಸಾಕು. ಆಕಳಿಸಿದಾಗ, ಎಲ್ಲೋ ದಿಟ್ಟಿಸಿ ನೋಡುವಾಗ ಮಲಗಿಸಲು ಶುರು ಮಾಡಿ. ಕಣ್ಣು ಉಜ್ಜಿ ಅಳುವವರೆಗೆ ಕಾದರೆ ಹೊತ್ತು ಮೀರಿರುತ್ತದೆ. ದಣಿದ ಮಗುವಿನ ಅಳುವನ್ನು ಹಸಿವು ಅಂದುಕೊಂಡು ಮತ್ತೆ ಹಾಲು ಕೊಟ್ಟರೆ ಅದೂ ಆಚೆ ಬರುತ್ತದೆ.

ಎಲ್ಲ ಸಲವೂ ಹೀಗೆ ನಡೆಯುವುದಿಲ್ಲ. ಹಾಲು ಕುಡಿಯುತ್ತಲೇ ನಿದ್ದೆ ಹೋದರೆ ಹೋಗಲಿ. ಎಬ್ಬಿಸಿ ಆಟವಾಡಿಸಬೇಡಿ.

ರಾತ್ರಿ ಈ ಕ್ರಮ ಬೇಡ. ರಾತ್ರಿ ಹಾಲು ಕುಡಿದ ಮೇಲೆ 20ರಿಂದ 30 ನಿಮಿಷ ಎದೆಗೆ ಒರಗಿಸಿ ನೆಟ್ಟಗೆ ಎತ್ತಿಕೊಳ್ಳಿ. ಹಾಲು ಕೆಳಗಿಳಿಯಲಿ ಅಂತ ಮಾತ್ರವಲ್ಲ. ತೆಳು ನಿದ್ದೆ ದಾಟಿ ಗಾಢ ನಿದ್ದೆಗೆ ಇಳಿಯಲೂ ಮಗುವಿಗೆ ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕು. ತೋಳು ಎತ್ತಿ ಬಿಟ್ಟರೆ ಸಡಿಲವಾಗಿ ಕೆಳಗೆ ಬೀಳುತ್ತದಲ್ವಾ, ಆಗ ಮಲಗಿಸಿ. ನಿಮ್ಮ ಹತ್ತು ನಿಮಿಷದ ಕಾಟ ಅರ್ಧ ಕಡಿಮೆಯಾಗುವುದು ಇಲ್ಲೇ. ಮೊದಲು ಸೊಂಟ, ಆಮೇಲೆ ಬೆನ್ನು, ಕೊನೆಗೆ ತಲೆ ಹಾಸಿಗೆಗೆ ತಾಗಲಿ. ಎದೆಯ ಮೇಲೆ ಒಂದು ನಿಮಿಷ ಕೈ ಇಟ್ಟಿರಿ. ಆಮೇಲೆ ತಿಣುಕಿದರೆ ಕೂಡಲೇ ಎತ್ತಬೇಡಿ, ಪಕ್ಕದಲ್ಲೇ ನಿಂತು ಒಂದೆರಡು ನಿಮಿಷ ನೋಡಿ. ಅಳು ಬಂದರೆ ಎತ್ತಿಕೊಳ್ಳಿ.

ಒಂದು ಎಚ್ಚರಿಕೆ. ಹೀಗೆ ಎತ್ತಿಕೊಂಡು ಕೂರುವಾಗ ಸೋಫಾದಲ್ಲೋ ಆರಾಮಕುರ್ಚಿಯಲ್ಲೋ ನಿಮಗೇ ನಿದ್ದೆ ಹತ್ತಿದರೆ ಅದು ಮಗುವಿನ ಜೀವಕ್ಕೇ ಅಪಾಯ. ಕಣ್ಣು ಎಳೆಯುತ್ತಿದ್ದರೆ ಮಗುವನ್ನು ಬೇರೆಯವರ ಕೈಗೆ ಕೊಡಿ. ಯಾರೂ ಇಲ್ಲವಾದರೆ ಐದೇ ನಿಮಿಷವಾಗಿದ್ದರೂ ಸರಿ, ತೊಟ್ಟಿಲಿಗೆ ಹಾಕಿ. ಒಂದು ಬಾಯಿ ಹಾಲು ಕಕ್ಕಿದರೆ ಏನೂ ಆಗುವುದಿಲ್ಲ.

ರಾತ್ರಿ ಮಲಗಿಸುವ ಮುಂಚೆ ಮೂರು ನಾಲ್ಕು ಕೆಲಸ ದಿನಾ ಒಂದೇ ಸಾಲಿನಲ್ಲಿ ಬರಲಿ. ಮೈ ಒರೆಸುವುದು, ಬಟ್ಟೆ ಬದಲಿಸುವುದು, ದೀಪ ಸಣ್ಣದು ಮಾಡುವುದು, ಹಾಲು, ಒಂದೇ ಜೋಗುಳ. ಡೈಪರ್ ಬದಲಿಸುವುದು ಹಾಲಿಗೆ ಮುಂಚೆ ಇರಲಿ. ಕುಡಿದ ಮೇಲೆ ಎರಡೂ ಕಾಲು ಮೇಲೆತ್ತಿದರೆ ಹೊಟ್ಟೆ ಒತ್ತಿ ಹಾಲು ಆಚೆ ಬರುತ್ತದೆ. ಸೊಂಟದ ಪಟ್ಟಿಯೂ ಬಿಗಿಯಾಗಿರಬಾರದು. ರಾತ್ರಿ ಎದ್ದಾಗ ದೊಡ್ಡ ದೀಪ ಬೇಡ, ಮಾತು ಬೇಡ. ಹಗಲಿನಲ್ಲಿ ತದ್ವಿರುದ್ಧ, ಬೆಳಕು ಸದ್ದು ಎರಡೂ ಇರಲಿ. ತೊಟ್ಟಿಲಲ್ಲಿ ಮಲಗಿಸುವ ಅಭ್ಯಾಸವನ್ನು ದಿನಕ್ಕೆ ಒಂದೇ ನಿದ್ದೆಯಿಂದ ಶುರು ಮಾಡಿ, ಬೆಳಗಿನ ಮೊದಲ ನಿದ್ದೆಯಿಂದ. ಅದು ಎಲ್ಲಕ್ಕಿಂತ ಸುಲಭವಾಗಿ ಬರುತ್ತದೆ. ಸಂಜೆಯ ನಿದ್ದೆಯ ಮೇಲೆ ಪ್ರಯೋಗ ಮಾಡಿದರೆ ಇಬ್ಬರೂ ಅಳುತ್ತೀರಿ.

ತೇಗು ಬರಿಸುವುದರ ಬಗ್ಗೆ ನೀವು ಕೇಳಿಲ್ಲ. ಆದರೆ ಬೆನ್ನು ತಟ್ಟಿ ತಟ್ಟಿ ಸುಸ್ತಾಗಿರುತ್ತೀರಿ ಅಂತ ಊಹಿಸಬಲ್ಲೆ. 71 ತಾಯಿ ಮಗು ಜೋಡಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ತೇಗು ಬರಿಸಿದ್ದರಿಂದ ರಚ್ಚೆ ಕಡಿಮೆಯಾಗಲಿಲ್ಲ. ಹಾಲು ಕಕ್ಕುವುದು ಇನ್ನೂ ಜಾಸ್ತಿಯಾಯಿತು. ಸಣ್ಣ ಅಧ್ಯಯನ ಅದು, ಹಾಗಂತ ತಟ್ಟಲೇಬಾರದು ಅಂತ ನಾನು ಹೇಳುವುದಿಲ್ಲ. ಕುಡಿಯುವ ನಡುವೆ ಮಗುವೇ ಬಾಯಿ ಬಿಟ್ಟಾಗ ಹೆಗಲಿಗೆ ಹಾಕಿಕೊಳ್ಳಿ, ಎರಡು ಮೂರು ನಿಮಿಷ ನಿಧಾನವಾಗಿ ಬೆನ್ನು ಸವರಿ. ತೇಗು ಬಂದರೆ ಬಂತು. ನಿದ್ದೆ ಹೋದ ಮಗುವನ್ನು ತೇಗಿಗಾಗಿ ತಟ್ಟಿ ಎಬ್ಬಿಸುವುದು ಮಾತ್ರ ಸುಮ್ನೆ ದಂಡ. ಗಾಳಿ ಒಳಗೆ ಹೋಗದಂತೆ ನೋಡಿಕೊಳ್ಳುವುದು ಹೆಚ್ಚು ಉಪಯೋಗ. ಮೊಲೆತೊಟ್ಟಿನ ತುದಿ ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯಿಗೆ ಹೋಗಬೇಕು. ಬಾಟಲಿಯಾದರೆ ಮಗುವನ್ನು ನೆಟ್ಟಗೆ ಹಿಡಿದು, ಬಾಟಲಿಯನ್ನು ಹೆಚ್ಚು ಕಡಿಮೆ ಅಡ್ಡಲಾಗಿ ಹಿಡಿದು, ನಡುನಡುವೆ ನಿಲ್ಲಿಸಿ ಕೊಡಿ. ಬಾಟಲಿ ಖಾಲಿಯಾಗಲೇಬೇಕು ಅನ್ನುವ ಹಟ ಬೇಡ.

ನೀವು ಹಾಕಿದ ಹನಿ ಸಿಮೆಥಿಕೋನ್ ಇರಬೇಕು. ಅದರಿಂದ ಕೆಡುಕಿಲ್ಲ, ಆದರೆ ಪರೀಕ್ಷೆ ಮಾಡಿ ನೋಡಿದಾಗ ಔಷಧಿಯೇ ಇಲ್ಲದ ಹನಿಗಿಂತ ಹೆಚ್ಚಿನ ಗುಣವೂ ಕಂಡಿಲ್ಲ. ಗ್ರೈಪ್ ವಾಟರ್ ಬೇಡವೇ ಬೇಡ. ಎದೆಹಾಲು ಕುಡಿಯುವ ಮಗುವಿಗೆ ಆರು ತಿಂಗಳವರೆಗೆ ನೀರೂ ಬೇಕಿಲ್ಲ. ಆಸಿಡ್ ಕಡಿಮೆ ಮಾಡುವ ಔಷಧಿ ಹಾಲು ಮೇಲೆ ಬರುವುದನ್ನು ನಿಲ್ಲಿಸುವುದಿಲ್ಲ. ಬರೀ ಕಕ್ಕುವುದಕ್ಕೋ ಅಳುವುದಕ್ಕೋ ಅದನ್ನು ಕೊಡಬಾರದು.

ಕೆಲವು ಲಕ್ಷಣ ಕಂಡರೆ ಮಾತ್ರ ಮೇಲಿನದ್ದೆಲ್ಲ ಬಿಟ್ಟು ಡಾಕ್ಟರ ಬಳಿ ಓಡಿ. ವಾಂತಿ ಹಸಿರಾಗಿದ್ದರೆ, ಅದರಲ್ಲಿ ರಕ್ತ ಕಂಡರೆ ಅದೇ ಗಳಿಗೆ. ಹಾಲು ಬಾಯಿಂದ ಸುರಿಯದೆ, ಪ್ರತಿ ಸಲ ಕುಡಿದ ಮೇಲೂ ದೂರಕ್ಕೆ ಚಿಮ್ಮಿದರೆ ಅವತ್ತೇ ತೋರಿಸಿ. ಈ ವಯಸ್ಸಿನಲ್ಲಿ ಹೊಟ್ಟೆಯ ಕೆಳಬಾಯಿ ಕಿರಿದಾಗುವ ತೊಂದರೆ ಹಾಗೆ ಕಾಣಿಸಿಕೊಳ್ಳುತ್ತದೆ. 38 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ, ನೆತ್ತಿ ಉಬ್ಬುವುದು, ಹಾಲು ಬೇಡವೆನ್ನುವುದು, ಉಚ್ಚೆ ಕಡಿಮೆಯಾಗುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು ಕೂಡ ಕಾಯುವ ವಿಷಯಗಳಲ್ಲ. ತೂಕ ಏರುವುದು ನಿಂತರೆ, ಮಲದಲ್ಲಿ ರಕ್ತ ಕಂಡರೆ ಹಸುವಿನ ಹಾಲಿನ ಅಲರ್ಜಿ ಇದೆಯೇ ಅಂತಲೂ ನೋಡಬೇಕಾಗುತ್ತದೆ.

ಕೊನೆಯದಾಗಿ ನಿಮ್ಮ ನಿದ್ದೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಸಂಜೆಯ ಮೂರು ಗಂಟೆ ಅವರದ್ದು. ಹಾಲಿಗೆ ಮಾತ್ರ ನಿಮ್ಮನ್ನು ಕರೆಯಲಿ. ಅಳು ಕೇಳಿ ಕೇಳಿ ಸಿಟ್ಟು ನೆತ್ತಿಗೇರಿದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಎಳೆದುಕೊಂಡು ಐದು ನಿಮಿಷ ಆಚೆ ನಿಲ್ಲಿ. ಅತ್ತರೆ ಅಳಲಿ. ಎಳೆ ಮಗುವನ್ನು ಹಿಡಿದು ಅಲುಗಾಡಿಸಿದರೆ ಮಿದುಳಿಗೆ ಪೆಟ್ಟಾಗುತ್ತದೆ. ಹಾಗೆ ಅನ್ನಿಸುವುದು ಕೆಟ್ಟ ತಾಯಂದಿರಿಗೆ ಮಾತ್ರ ಅಂತ ತಿಳಿಯಬೇಡಿ.

ಪ್ರಶ್ನೆ: ನಮ್ಮ ಮೂರು ತಿಂಗಳ ಮಗ ರಾತ್ರಿ ತುಂಬ ಕಕ್ಕುತ್ತಾನೆ. ಅಂಗಾತ ಮಲಗಿದರೆ ಹಾಲು ಗಂಟಲಿಗೆ ಸಿಕ್ಕಿಕೊಳ್ಳಬಹುದು ಅಂತ ಭಯ. ಬೋರಲು ಹಾಕಬಹುದಾ? ತಲೆಯ ಕಡೆ ಹಾಸಿಗೆ ಎತ್ತರಿಸಬಹುದಾ? ಕಾರ್ ಸೀಟಿನಲ್ಲಂತೂ ಚೆನ್ನಾಗಿ ಮಲಗುತ್ತಾನೆ.

ಉತ್ತರ: ಮೂರೂ ಬೇಡ.

ನಿಮ್ಮ ಭಯ ಸಹಜ, ಆದರೆ ದೇಹದ ರಚನೆ ಅದಕ್ಕೆ ತದ್ವಿರುದ್ಧವಾಗಿದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಮೇಲೆ ಬಂದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಏರಿ ಹೋಗಬೇಕು. ಬೋರಲಾದರೆ ಶ್ವಾಸನಾಳ ಕೆಳಗಾಗುತ್ತದೆ. ಜೊತೆಗೆ ನುಂಗುವ, ಕೆಮ್ಮುವ ಶಕ್ತಿ ಮಗುವಿಗೆ ಹುಟ್ಟಿನಿಂದಲೇ ಇದೆ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ನಡೆಯಿತು. ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಮಕ್ಕಳ ಸಂಖ್ಯೆ ಮುಂದಿನ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಉಸಿರುಗಟ್ಟುವುದು ಜಾಸ್ತಿಯಾಗಲಿಲ್ಲ.

ಹಾಸಿಗೆಯ ತಲೆ ಎತ್ತರಿಸಿದರೆ ಕಕ್ಕುವುದು ಕಡಿಮೆಯಾಗುವುದಿಲ್ಲ. ಮಗು ಕೆಳಗೆ ಜಾರಿ, ಗದ್ದ ಎದೆಗೆ ಒತ್ತಿ, ಉಸಿರಿನ ದಾರಿ ಕಟ್ಟಬಹುದು. 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಮಗುವಿನ ಹಾಸಿಗೆಗಳನ್ನು ಅಮೆರಿಕ 2022ರಲ್ಲಿ ಕಾನೂನು ಮಾಡಿಯೇ ನಿಷೇಧಿಸಿತು. ಕಾರ್ ಸೀಟಿನದ್ದೂ ಅದೇ ಕಥೆ. ಅಲ್ಲಿ ಮಡಚಿ ಕೂತ ಹೊಟ್ಟೆಯ ಮೇಲೆ ಒತ್ತಡ ಬಿದ್ದು ಹಾಲು ಇನ್ನೂ ಮೇಲೆ ಬರುತ್ತದೆ. ಪ್ರಯಾಣದಲ್ಲಿ ನಿದ್ದೆ ಬಂದರೆ ಸರಿ, ಮನೆ ಮುಟ್ಟಿದ ಮೇಲೆ ತೆಗೆದು ತೊಟ್ಟಿಲಿಗೆ ಹಾಕಿ. ಸಮತಟ್ಟಾದ, ಗಟ್ಟಿಯಾದ ಹಾಸಿಗೆ ಇರಲಿ. ದಿಂಬು, ಸಡಿಲ ಹೊದಿಕೆ, ಗೊಂಬೆ ಏನೂ ಬೇಡ. ನಿಮ್ಮ ಕೋಣೆಯಲ್ಲೇ, ಅವನದ್ದೇ ಜಾಗದಲ್ಲಿ. ಬೋರಲು ಹಾಕುವ ಆಸೆ ಇದ್ದರೆ ಹಗಲಿನಲ್ಲಿ, ಅವನು ಎಚ್ಚರವಿದ್ದು ನೀವು ಎದುರಿಗಿದ್ದಾಗ ಹಾಕಿ. ಕುಡಿದು ಅರ್ಧ ಗಂಟೆಯಾದರೂ ಕಳೆದಿರಲಿ.

ಪ್ರಶ್ನೆ: ಮೂರು ತಿಂಗಳಿಗೆ ಎಲ್ಲ ಒಂದು ಹದಕ್ಕೆ ಬಂದಿತ್ತು. ಈಗ ನಾಲ್ಕೂವರೆ ತಿಂಗಳು, ಮತ್ತೆ ಗಂಟೆಗೊಮ್ಮೆ ಏಳುತ್ತಾಳೆ. ರಿಫ್ಲಕ್ಸ್, ಅಂದರೆ ಹಾಲು ಮೇಲೆ ಬರುವ ತೊಂದರೆ, ತಿರುಗಿ ಬಂತಾ?

ಉತ್ತರ: ಕಕ್ಕುವುದು ಮುಂಚಿನಷ್ಟೇ ಇದ್ದು, ಹಾಲು ಚೆನ್ನಾಗಿ ಕುಡಿಯುತ್ತಿದ್ದರೆ ಅಲ್ಲ. ಈ ವಯಸ್ಸಿನಲ್ಲಿ ನಿದ್ದೆ ದೊಡ್ಡವರ ನಿದ್ದೆಯ ರೀತಿಗೆ ತಿರುಗಿಕೊಳ್ಳುತ್ತದೆ. ಪ್ರತಿ ಸುತ್ತಿನ ಕೊನೆಗೆ ಒಂದು ಚೂರು ಎಚ್ಚರವಾಗುತ್ತದೆ. ಹೆಗಲ ಮೇಲೆ ನಿದ್ದೆ ಹೋದವಳು ತೊಟ್ಟಿಲಲ್ಲಿ ಕಣ್ಣು ಬಿಟ್ಟರೆ ಹೆಗಲು ಹುಡುಕುತ್ತಾಳೆ. ಈಗ ಪೂರ್ತಿ ನಿದ್ದೆ ಹತ್ತುವವರೆಗೆ ಕಾಯಬೇಡಿ. ಕಣ್ಣು ಕೂರುತ್ತಿರುವಾಗಲೇ ಮಲಗಿಸಿ ನೋಡಿ, ದಿನಕ್ಕೆ ಒಂದು ಸಲ ಸಾಕು. ಬಟ್ಟೆ ಸುತ್ತಿ ಮಲಗಿಸುತ್ತಿದ್ದರೆ, ಮಗುಚಿಕೊಳ್ಳಲು ಪ್ರಯತ್ನ ಮಾಡಿದ ದಿನದಿಂದಲೇ ಸುತ್ತುವುದನ್ನು ನಿಲ್ಲಿಸಿ. ಮಲಗಿಸುವುದು ಅಂಗಾತವೇ ಇರಲಿ. ಎರಡೂ ಕಡೆ ತಾನಾಗಿ ಹೊರಳಲು ಕಲಿತ ಮೇಲೆ ರಾತ್ರಿ ಬೋರಲಾದರೆ ಎದ್ದು ಹೋಗಿ ತಿರುಗಿಸಬೇಕಿಲ್ಲ.