ಕಬ್ಬನ್ ಯಾರ ಮಗ?

ತುಮಕೂರಿನ ಓದುಗರೊಬ್ಬರು ಕೇಳಿದ್ದಾರೆ: "ಕಬ್ಬನ್ ಪೇಟೆ, ಕಬ್ಬನ್ ರಸ್ತೆ, ಕಬ್ಬನ್ ಪಾರ್ಕ್. ಈ ಇಂಗ್ಲಿಷ್ ಹೆಸರನ್ನು ಇನ್ನೂ ಎಷ್ಟು ದಿನ ಹೊತ್ತುಕೊಂಡಿರೋದು? ಅದಕ್ಕೆ ಅರ್ಥವಾದರೂ ಇದೆಯಾ?"

ಆಳಲು ಬಂದವರ ಹೆಸರು ಊರ ತುಂಬ ಯಾಕೆ ಅನ್ನೋದು ನ್ಯಾಯವಾದ ಪ್ರಶ್ನೆಯೇ. ಪಾರ್ಕಿಗೆ 1927ರಲ್ಲೇ ಶ್ರೀ ಚಾಮರಾಜೇಂದ್ರರ ಹೆಸರಿಟ್ಟರು, ಜನರ ಬಾಯಲ್ಲಿ ಅದು ನಿಲ್ಲಲಿಲ್ಲ. ಅದಿರಲಿ. ನಿಮ್ಮ ಎರಡನೇ ಪ್ರಶ್ನೆ ಇದೆಯಲ್ಲ, ನನಗೆ ಜಾಸ್ತಿ ಹಿಡಿಸಿದ್ದು ಅದು. ನೀವು ಅದನ್ನೇ ಮೊದಲು ಕೇಳಬೇಕಿತ್ತು.

ಕಬ್ಬನ್ ಇಂಗ್ಲಿಷ್ ಹೆಸರೇ ಅಲ್ಲ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಅಂತ ಪುಟ್ಟ ದ್ವೀಪ ಇದೆ. ಅಲ್ಲಿನವರ ಭಾಷೆ ಮ್ಯಾಂಕ್ಸ್, ಐರಿಷ್‌ಗೆ ಹತ್ತಿರದ ನೆಂಟ. ಅದರಲ್ಲಿ ಮ್ಯಾಕ್ ಅಂದರೆ ಮಗ. ಗಿಬ್ಬನ್ ಅನ್ನುವವನ ಮಗ ಮ್ಯಾಕ್ ಗಿಬ್ಬನ್. 1500ರ ಸುಮಾರಿಗೆ ದ್ವೀಪದಲ್ಲಿ ಎಲ್ಲಿ ನೋಡಿದರೂ ಮ್ಯಾಕ್‌ಗಳೇ. ಮುಂದಿನ ನೂರು ವರ್ಷದಲ್ಲಿ ಅದು ಸವೆದು ಸವೆದು, ಕೊನೆಯ 'ಕ್' ಮಾತ್ರ ಉಳಿದು ಅಪ್ಪನ ಹೆಸರಿಗೆ ಅಂಟಿಕೊಂಡಿತು, ಹಾಗೆ ಆದದ್ದು ಕಬ್ಬನ್. ವಿಲಿಯಂನ ಮಗ ಕ್ವಿಲಿಯಂ ಆದ. ಉತ್ತರ ಯುರೋಪಿನ ಕಡಲಿಗರಾದ ವೈಕಿಂಗರೂ ಅಲ್ಲಿ ಆಳಿದ್ದರಿಂದ ಅವರ ಕಡೆಯ ಆಟರ್‌ನ ಮಗ ಕಾಟಿಯರ್ ಆದ.

ನಮ್ಮ ಮಾರ್ಕ್ ಕಬ್ಬನ್ ಆ ದ್ವೀಪದ ಪಾದ್ರಿಯೊಬ್ಬರ ಮಗ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಈ ಕಬ್ಬನ್‌ರ ಸೋದರಮಾವ. ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದು, ಊರಿಗೆ ಹೊರಟವರು ದಾರಿಯಲ್ಲಿ ಸುಯೆಜ್‌ನಲ್ಲಿ ತೀರಿಕೊಂಡರು. ಮ್ಯಾಂಕ್ಸ್ ಅನ್ನು ಹುಟ್ಟಿನಿಂದ ಆಡುತ್ತಿದ್ದ ಕೊನೆಯವರು ನೆಡ್ ಮ್ಯಾಡ್ರೆಲ್, 1974ರಲ್ಲಿ ಹೋದರು. ಇಂಗ್ಲಿಷ್ ನುಂಗಿದ ಭಾಷೆ ಅದು, ಅದರ ಹೆಸರನ್ನೇ ನಾವು ಇಂಗ್ಲಿಷ್ ಅಂತ ಬೈಯುತ್ತಿದ್ದೇವೆ! ಆದರೂ ಆ ಜನ ಕೈಬಿಡಲಿಲ್ಲ. 2001ರಿಂದ ಅಲ್ಲಿ ಮ್ಯಾಂಕ್ಸ್‌ನಲ್ಲೇ ಪಾಠ ಹೇಳುವ ಪ್ರಾಥಮಿಕ ಶಾಲೆ ನಡೆಯುತ್ತಿದೆ.

ನಾವೇನು ಮಾಡ್ತಿದ್ದೇವೆ ಹೇಳಿ? ನಮ್ಮ ಹೆಸರಿನ ಹಿಂದೆ ಊರು, ಅಪ್ಪ ಇಬ್ಬರೂ ಇನಿಷಿಯಲ್ ಆಗಿ ಕೂತಿರುತ್ತಾರೆ. ಪಾಸ್‌ಪೋರ್ಟ್ ಅರ್ಜಿಯ ಸರ್‌ನೇಮ್ ಕಾಲಂ ಬಂದ ಕೂಡಲೇ ಊರನ್ನು ಕಿತ್ತು ಬಿಸಾಡಿ ಅಪ್ಪನ ಹೆಸರನ್ನು ಅಲ್ಲಿಗೆ ತುರುಕುತ್ತೇವೆ. ಆಮೇಲೆ ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗುವಿಗೆ ಅಜ್ಜನ ಹೆಸರೇ ಮನೆತನ. ಊರು ಯಾವುದು ಅಂದರೆ ಗೊತ್ತಿಲ್ಲ. ಇದು ಯಾರೂ ಬಂದು ಹೇರಿದ್ದಲ್ಲ ಅಲ್ವಾ? ಸುಮ್ನೆ ಬೋರ್ಡು ಬದಲಾಯಿಸಿ ಅನ್ನುವ ನಮಗೆ ಈ ನಷ್ಟ ಮಾತ್ರ ಕಾಣೋದೇ ಇಲ್ಲ.

ನಿಮ್ಮ ಸಹಿಯಲ್ಲಿ 'ಹೆಚ್. ಎಂ.' ಅಂತಿದೆ. ಆ ಹೆಚ್ ಯಾವ ಊರು? ಮುಂದಿನ ಪತ್ರದಲ್ಲಿ ಅದರ ಕತೆ ಬರೆಯಿರಿ, ಅಚ್ಚು ಹಾಕುತ್ತೇನೆ.